ಹಳೆಯ ಗಣಕಯಂತ್ರಕ್ಕೆ ಹೆಚ್ಚುವರಿ ಹಾರ್ಡ್ ಡಿಸ್ಕ್: ಕೆಲವು ಉಪಯುಕ್ತ ಮಾಹಿತಿ

ಪಿಂಪ್ರಿ-ಚಿಂಚವಡದ ಕಾರ್ಖಾನೆಗಳನ್ನು ನಂಬಿ ಬಂದು ನಿಗಡಿಯ ಪ್ರಾಧಿಕರಣದಲ್ಲಿ ನೆಲೆಯೂರಿದ ನಮ್ಮವರ ಮನೆಗಳಲ್ಲಿ, 2004ರಿಂದ 2010ರ ನಡುವೆ ಕೊಂಡ ಡೆಸ್ಕ್‌ಟಾಪ್ ಇನ್ನೂ ಮೂಲೆಯಲ್ಲಿ ಉಳಿದಿರುವುದುಂಟು. ಅದನ್ನು ಗುಜರಿಗೆ ಹಾಕಲು ಮನಸ್ಸು ಬಾರದಿರುವುದಕ್ಕೆ ಜಿಪುಣತನವೊಂದೇ ಕಾರಣವಲ್ಲ. ಬರಹ ಅಥವಾ ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ವಂಶಾವಳಿ, ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಹಿರಿಯರ ಹಾಡು, ಮಕ್ಕಳ ಮುಂಜಿ-ಮದುವೆಯ ವಿಡಿಯೋ ಎಲ್ಲವೂ ಅದರಲ್ಲಿರುತ್ತವೆ.

ಇವುಗಳಿಗೆ ಜಾಗ ಬಹಳ ಬೇಕು. 90 ನಿಮಿಷಗಳ ಒಂದು ಕ್ಯಾಸೆಟ್ಟನ್ನು ಸಿ.ಡಿ. ಗುಣಮಟ್ಟದಲ್ಲಿ ಇಳಿಸಿದರೆ ಸುಮಾರು 950 ಎಂ.ಬಿ., ಒಂದು ಗಂಟೆಯ ಮಿನಿ ಡಿವಿ ಟೇಪಿಗೆ ಸುಮಾರು 13 ಜಿ.ಬಿ. ತಗಲುತ್ತದೆ. ಅಂದಿನ 80 ಜಿ.ಬಿ. ಡಿಸ್ಕಿನಲ್ಲಿ ಅಂತಹ ಆರು ಟೇಪುಗಳೂ ತುಂಬಿ ಹಿಡಿಯಲಾರವು. ಹೊಸ ಡಿಸ್ಕ್ ಸೇರಿಸೋಣವೆಂದರೆ ಮದರ್‌ಬೋರ್ಡಿನಲ್ಲಿ ಜೋಡಣೆಯ ಕಿಂಡಿ ಖಾಲಿ ಇರುವುದಿಲ್ಲ.

ಹಳೆಯ ಐಡಿಇ ಪದ್ಧತಿಯಲ್ಲಿ 40 ಪಿನ್ನುಗಳ ಒಂದು ಅಗಲ ಕೇಬಲ್ಲಿಗೆ ಮಾಸ್ಟರ್-ಸ್ಲೇವ್ ಎಂದು ಎರಡು ಡಿಸ್ಕ್‌ಗಳನ್ನು ಜೋಡಿಸಬಹುದಿತ್ತು. 2003ರ ಸುಮಾರಿಗೆ ಬಂದ ಸಾಟಾ ಪದ್ಧತಿಯಲ್ಲಿ ಒಂದು ಕಿಂಡಿಗೆ ಒಂದೇ ಡಿಸ್ಕ್. ಇಂಟೆಲ್ 945 ಮಾದರಿಯ ಬೋರ್ಡುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಸಾಟಾ ಕಿಂಡಿಗಳೂ ಒಂದು ಐಡಿಇ ಕಿಂಡಿಯೂ ಇರುತ್ತವೆ. ಮೊದಲು ಕ್ಯಾಬಿನೆಟ್ ತೆರೆದು ಇವನ್ನು ಎಣಿಸುವುದು ಒಳ್ಳೆಯದು. ಬಳಸದ ಡಿವಿಡಿ ಡ್ರೈವ್ ಬಿಚ್ಚಿದರೆ ಒಂದು ಜಾಗ ಖರ್ಚಿಲ್ಲದೆ ದೊರೆಯಬಹುದು.

ದೊರೆಯದಿದ್ದರೆ ವಿಸ್ತರಣಾ ಕಾರ್ಡ್ ಬೇಕು. ಸಿಲಿಕಾನ್ ಇಮೇಜ್ 3114 ಚಿಪ್ಪಿನ ಪಿಸಿಐ ಕಾರ್ಡ್ ನಾಲ್ಕು ಸಾಟಾ ಕಿಂಡಿಗಳನ್ನು ಕೊಡುತ್ತದೆ. ಆದರೆ ಪಿಸಿಐ ಮಾರ್ಗದ ಒಟ್ಟು ವೇಗ ಸೆಕೆಂಡಿಗೆ 133 ಎಂ.ಬಿ. ಮಾತ್ರ, ಅದನ್ನೂ ಇತರ ಕಾರ್ಡುಗಳೊಡನೆ ಹಂಚಿಕೊಳ್ಳಬೇಕು. ಬೋರ್ಡಿನಲ್ಲಿ ಚಿಕ್ಕ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಇದ್ದರೆ ಎಎಸ್‌ಮೀಡಿಯಾ 1061 ಚಿಪ್ಪಿನ ಎರಡು ಕಿಂಡಿಗಳ ಕಾರ್ಡೇ ಮೇಲು. ಮೊದಲ ಪೀಳಿಗೆಯ ಸ್ಲಾಟಿನಲ್ಲಿಯೂ ಸೆಕೆಂಡಿಗೆ 250 ಎಂ.ಬಿ.ಯಷ್ಟು ಮಾರ್ಗವಿರುತ್ತದೆ. ಪುಣೆಯ ಬುಧವಾರ ಪೇಠೆಯ ತಾಪಕೀರ್ ಗಲ್ಲಿಯಂತಹ ಕಡೆ ವಿಚಾರಿಸುವಾಗ ಸ್ಲಾಟಿನ ಫೋಟೋ ತೋರಿಸಿದರೆ ಗೊಂದಲವಿರದು.

ಡಿಸ್ಕಿನ ಗಾತ್ರಕ್ಕೂ ಮಿತಿಯುಂಟು. ವಿಂಡೋಸ್ ಎಕ್ಸ್‌ಪಿಯ ಮೊದಲ ಆವೃತ್ತಿ 137 ಜಿ.ಬಿ.ಗಿಂತ ಹೆಚ್ಚಿನದನ್ನು ಸರಿಯಾಗಿ ಗುರುತಿಸದು. 2002ರ ಸರ್ವಿಸ್ ಪ್ಯಾಕ್ 1 ಅಥವಾ ಮುಂದಿನದು ಇರಬೇಕು. ಹಾಗಿದ್ದರೂ ಸಾಮಾನ್ಯವಾಗಿ 2 ಟಿ.ಬಿ.ಗಿಂತ ದೊಡ್ಡದು ನಿಷ್ಪ್ರಯೋಜಕ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ರಂದೇ ನಿಂತಿರುವುದರಿಂದ ಅಂತಹ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸದಿರುವುದೇ ಕ್ಷೇಮ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ವಿದ್ಯುತ್ ಪೂರೈಕೆ. ಮೂರೂವರೆ ಇಂಚಿನ ಡಿಸ್ಕ್ ತಿರುಗಲಾರಂಭಿಸುವಾಗ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ದಣಿದ ಎಸ್‌ಎಂಪಿಎಸ್‌ಗೆ ಇದು ಭಾರವೇ. ಹಳೆಯ ನಾಲ್ಕು ಪಿನ್ನಿನ ಪ್ಲಗ್ಗಿನಿಂದ ಸಾಟಾ ವಿದ್ಯುತ್ ಪಡೆಯುವ ಅಗ್ಗದ ಕೇಬಲ್ಲುಗಳಲ್ಲಿ, ತಂತಿಗಳನ್ನು ಪ್ಲಾಸ್ಟಿಕ್ಕಿನೊಳಗೆ ಎರಕ ಹೊಯ್ದಂತೆ ಮುಚ್ಚಿದ ಮಾದರಿ ಒಳಗೇ ಶಾರ್ಟ್ ಆಗಿ ಸುಟ್ಟ ನಿದರ್ಶನಗಳುಂಟು. ತಂತಿಗಳು ಬಿಡಿಯಾಗಿ ಕಾಣುವಂತೆ ಒತ್ತಿ ಕೂರಿಸಿದ ಕೇಬಲ್ಲನ್ನೇ ಆರಿಸಬೇಕು. ಇಲ್ಲಿ ಇಪ್ಪತ್ತು-ಮೂವತ್ತು ರೂಪಾಯಿ ಉಳಿಸುವುದು ನಮಗೆ ಒಪ್ಪಿಗೆಯಿಲ್ಲ.

ಕೆಲಸಕ್ಕೆ ತೊಡಗುವ ಮುನ್ನ ಮುಖ್ಯ ಕಡತಗಳ ನಕಲೊಂದನ್ನು ಬೇರೆಡೆ ಇಟ್ಟುಕೊಳ್ಳತಕ್ಕದ್ದು. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಂಡ ನಂತರವೇ ಕಾರ್ಡನ್ನು ಕೂರಿಸಬೇಕು. ಯಂತ್ರ ಏಳದಿದ್ದರೆ ಗಾಬರಿ ಬೇಡ. ಹೊಸ ಕಾರ್ಡಿನಿಂದ ಬಯಾಸ್‌ನಲ್ಲಿ ಬೂಟ್ ಕ್ರಮ ಬದಲಾಗಿರಬಹುದು, ಹಳೆಯ ಡಿಸ್ಕನ್ನು ಮತ್ತೆ ಮೊದಲಿಗೆ ತಂದರಾಯಿತು. ಎಕ್ಸ್‌ಪಿಗೆ ಕಾರ್ಡಿನ ಡ್ರೈವರ್ ಬೇರೆಯಾಗಿ ಬೇಕಾಗುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಹೊಸ ಡಿಸ್ಕನ್ನು ಮಾತ್ರ ಫಾರ್ಮ್ಯಾಟ್ ಮಾಡಬೇಕು. ಹಳೆಯ ಡಿಸ್ಕಿನ ಬಗ್ಗೆ ಯಂತ್ರ ಅದೇ ಪ್ರಶ್ನೆ ಕೇಳಿದರೆ ಬೇಡವೆಂದೇ ಉತ್ತರಿಸಬೇಕು. ಹೌದೆಂದರೆ ಮೇಲೆ ಹೇಳಿದ ಹಾಡು, ವಂಶಾವಳಿಗಳು ಹೋದಂತೆಯೇ.

ಕಡತಗಳನ್ನು ಹೊಸ ಯಂತ್ರಕ್ಕೆ ಸಾಗಿಸುವುದಷ್ಟೇ ಉದ್ದೇಶವಾದರೆ ಕಾರ್ಡಿನ ಗೊಡವೆ ಬೇಡ. ಐಡಿಇ, ಸಾಟಾ ಎರಡಕ್ಕೂ ಹೊಂದುವ ಯುಎಸ್‌ಬಿ ಅಡಾಪ್ಟರ್ ಸಾಕು. ಯುಎಸ್‌ಬಿ 2.0ರಲ್ಲಿ ಸೆಕೆಂಡಿಗೆ 30 ಎಂ.ಬಿ.ಯಂತೆ 80 ಜಿ.ಬಿ. ನಕಲಾಗಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಆಗ ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ಬರಹ, ನುಡಿ ಫಾಂಟುಗಳನ್ನೂ ಮರೆಯದೆ ತೆಗೆದುಕೊಳ್ಳಬೇಕು. ಆ ಕಡತಗಳು ಯೂನಿಕೋಡ್ ಅಲ್ಲವಾದ್ದರಿಂದ, ಫಾಂಟ್ ಇಲ್ಲದ ಯಂತ್ರದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳಷ್ಟೇ ಕಾಣುತ್ತವೆ.