ಒಂದು ಹಿಡಿ ಬೂದಿಯ ದಾರಿ

ದಹನವಾದ ಮೂರನೆಯ ದಿನ ಅಸ್ಥಿಸಂಚಯನ ಮುಗಿದು, ಬೂದಿಯೂ ಎಲುಬಿನ ಚೂರುಗಳೂ ಮಡಕೆಯೊಂದನ್ನು ಸೇರಿದ ಮೇಲೆ ಮನೆಯವರ ಮುಂದೆ ಒಂದು ಪ್ರಶ್ನೆ ಉಳಿಯುತ್ತದೆ: ಇದನ್ನು ಎಲ್ಲಿ ಬಿಡುವುದು? ಮೈಸೂರು ಸೀಮೆಯವರಿಗೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ, ಕರಾವಳಿಯ ಹಲವರಿಗೆ ಗೋಕರ್ಣ, ಅನುಕೂಲವುಳ್ಳವರಿಗೆ ಕಾಶಿ, ಪ್ರಯಾಗ. ಸಂಪ್ರದಾಯವು ಉತ್ತರವನ್ನು ಮೊದಲೇ ಸಿದ್ಧಪಡಿಸಿಟ್ಟಿರುವುದರಿಂದ ಬಹುಮಂದಿಗೆ ಇದು ಪ್ರಶ್ನೆಯೆಂದೇ ತೋರುವುದಿಲ್ಲ. ಆದರೆ ತೀರಿಕೊಂಡವರು ಬೇರೊಂದನ್ನು ಬಯಸಿದ್ದರೆ ತೀರ್ಮಾನ ಯಾರದು? ಹೋದವರದೋ, ಉಳಿದವರದೋ? ನಮ್ಮ ಸಮೀಪದ ಚರಿತ್ರೆಯಲ್ಲಿ ಮೂವರು ಹಿರಿಯರ ವಿಷಯದಲ್ಲಿ ಈ ಪ್ರಶ್ನೆ ಮೂರು ಬಗೆಯಾಗಿ ಎದ್ದಿತು.

ಮೊದಲನೆಯವರು ಗಾಂಧೀಜಿ. 1948ರ ಜನವರಿ 30ರಂದು ಅವರ ಹತ್ಯೆಯಾಯಿತು. ಅವರ ಚಿತಾಭಸ್ಮವನ್ನು ಒಂದು ಮನೆತನದ ಸ್ವತ್ತೆಂದು ಯಾರೂ ಭಾವಿಸಲಿಲ್ಲ. ಮೂರನೆಯ ದರ್ಜೆಯ ಡಬ್ಬಿಗಳ ವಿಶೇಷ ರೈಲೊಂದು ಅದನ್ನು ದೆಹಲಿಯಿಂದ ಅಲಹಾಬಾದಿಗೆ ಒಯ್ದಿತು. ಫೆಬ್ರವರಿ 12ರಂದು ತ್ರಿವೇಣೀ ಸಂಗಮದಲ್ಲಿ ವಿಸರ್ಜನೆ ನಡೆಯಿತು. ದೇಶದ ನಾನಾ ಪ್ರಾಂತಗಳಿಗೂ ಪಾಲುಗಳು ಹೋದವು. ನಮ್ಮ ಪಶ್ಚಿಮವಾಹಿನಿಯಲ್ಲಿ ಕಾವೇರಿಯೂ ಒಂದು ಪಾಲನ್ನು ಪಡೆದಳು. ಇಷ್ಟು ನದಿಗಳು ಒಬ್ಬ ಮನುಷ್ಯನನ್ನು ತಮ್ಮವನೆಂದು ಬರಮಾಡಿಕೊಂಡುದು ಅಪೂರ್ವವೇ ಸರಿ. ಆದರೆ ಎಲ್ಲರಿಗೂ ಸೇರಿದುದಕ್ಕೆ ಲೆಕ್ಕವಿಡುವವರು ಕಡಿಮೆ. ಒಂದು ಪಾಲು ಒರಿಸ್ಸಾದ ಕಟಕ್ ನಗರದ ಬ್ಯಾಂಕೊಂದರ ಭದ್ರಕೋಣೆಯಲ್ಲಿ ದಶಕಗಳ ಕಾಲ ಉಳಿದುಬಿಟ್ಟಿತು. ಅವರ ಮರಿಮಗ ತುಷಾರ್ ಗಾಂಧಿಯವರು ನ್ಯಾಯಾಲಯದ ಮೂಲಕ ಅದನ್ನು ಪಡೆದು ಸಂಗಮದಲ್ಲಿ ವಿಸರ್ಜಿಸಿದಾಗ 1997ನೆಯ ಇಸವಿಯ ಜನವರಿ 30. ಹತ್ಯೆ ನಡೆದು ಆಗಲೇ 49 ವರ್ಷ ಕಳೆದಿತ್ತು. ಇನ್ನೊಂದು ಪಾಲು 2008ರಲ್ಲಿ ಮುಂಬಯಿಯ ಕಡಲನ್ನು ಸೇರಿತು.

ಎರಡನೆಯವರು ಶ್ಯಾಮಜಿ ಕೃಷ್ಣವರ್ಮ. ಕಚ್ಛದ ಮಾಂಡವಿಯಲ್ಲಿ 1857ರಲ್ಲಿ ಹುಟ್ಟಿದ ಈ ಸಂಸ್ಕೃತ ಪಂಡಿತರು 1905ರಲ್ಲಿ ಲಂಡನ್ನಿನಲ್ಲಿ ಇಂಡಿಯಾ ಹೌಸ್ ಸ್ಥಾಪಿಸಿ ಕ್ರಾಂತಿಕಾರಿ ತರುಣರಿಗೆ ಆಶ್ರಯವಿತ್ತರು. ಬ್ರಿಟಿಷರ ಕಣ್ಣು ಬಿದ್ದ ಮೇಲೆ ಪ್ಯಾರಿಸ್ಸಿಗೆ, ಅಲ್ಲಿಂದ ಜಿನೀವಾಕ್ಕೆ ಹೋದರು. 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಪರತಂತ್ರ ದೇಶಕ್ಕೆ ತಮ್ಮ ಬೂದಿಯೂ ಮರಳಬಾರದು. ದೇಶ ಸ್ವತಂತ್ರವಾದ ಮೇಲೆ ಮಾತ್ರ ಮರಳಬೇಕು ಎಂಬುದು ಅವರ ಸಂಕಲ್ಪವಾಗಿತ್ತು. ಅದಕ್ಕಾಗಿ ತಮ್ಮ ಮತ್ತು ಪತ್ನಿ ಭಾನುಮತಿಯವರ ಭಸ್ಮವನ್ನು 100 ವರ್ಷ ಕಾದಿರಿಸಲು ಜಿನೀವಾದಲ್ಲಿ ಮುಂಗಡ ಹಣ ಕಟ್ಟಿ ಏರ್ಪಾಟು ಮಾಡಿದ್ದರು. 1947ರಲ್ಲಿ ಸ್ವಾತಂತ್ರ್ಯ ಬಂದಿತು. ಕಲಶಗಳು ಮಾತ್ರ ಬರಲಿಲ್ಲ. ಅವು ತಾಯ್ನಾಡನ್ನು ಮುಟ್ಟಿದುದು 2003ರ ಆಗಸ್ಟಿನಲ್ಲಿ. ಜಿನೀವಾ ಮಾತಿಗೆ ತಪ್ಪಲಿಲ್ಲ, ಮರೆತವರು ನಾವು.

ಮೂರನೆಯವರು ಜವಾಹರಲಾಲ್ ನೆಹರೂ. ಬೂದಿಯ ಪಯಣವೆಂದರೇನೆಂಬುದನ್ನು ಅವರು ಸ್ವತಃ ಅನುಭವಿಸಿ ಅರಿತಿದ್ದರು. ಪತ್ನಿ ಕಮಲಾ 1936ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ತೀರಿಕೊಂಡಾಗ, ಅವರ ಭಸ್ಮವನ್ನು ಜೊತೆಯಲ್ಲಿರಿಸಿಕೊಂಡು ವಿಮಾನದಲ್ಲಿ ಹಿಂದಿರುಗಿ, ಅಲಹಾಬಾದಿನಲ್ಲಿ ಗಂಗೆಗೆ ಒಪ್ಪಿಸಿದ್ದರು. 1954ರ ಜೂನ್ 21ರಂದು ಬರೆದ ಮರಣಶಾಸನದಲ್ಲಿ ತಮ್ಮ ಬೂದಿಯ ದಾರಿಯನ್ನೂ ಅವರು ನಿಶ್ಚಯಿಸಿದರು. ಒಂದು ಹಿಡಿ ಗಂಗೆಗೆ. ಧರ್ಮದ ಕಾರಣದಿಂದಲ್ಲ, ಬಾಲ್ಯದಿಂದ ಬಂದ ಒಲವಿನಿಂದ. ಉಳಿದ ಬಹುಭಾಗವನ್ನು ವಿಮಾನದಿಂದ ರೈತರು ದುಡಿಯುವ ಹೊಲಗಳ ಮೇಲೆ ಚೆಲ್ಲಬೇಕು. ಯಾವ ಭಾಗವನ್ನೂ ಕಾಪಿಡಕೂಡದು. ಧಾರ್ಮಿಕ ವಿಧಿಗಳು ಬೇಡವೇ ಬೇಡ.

1964ರ ಮೇ 27ರಂದು ಅವರು ತೀರಿಕೊಂಡರು. ಮರುದಿನ ಯಮುನೆಯ ದಡದಲ್ಲಿ ಮಂತ್ರಪಠನದೊಡನೆಯೇ ಅಂತ್ಯಸಂಸ್ಕಾರ ನಡೆಯಿತು. ಮೊಮ್ಮಗ ಸಂಜಯ ಚಿತೆಗೆ ಅಗ್ನಿಸ್ಪರ್ಶ ಮಾಡಿದರು. ಆದರೆ ಜೂನ್ ತಿಂಗಳಲ್ಲಿ ಬೂದಿ ಗಂಗೆಯನ್ನೂ ಸೇರಿತು, ಆಕಾಶದಿಂದ ಹೊಲಗಳ ಮೇಲೂ ಇಳಿಯಿತು. ಉಯಿಲಿನ ಒಂದು ಮಾತು ನಡೆಯಿತು, ಇನ್ನೊಂದು ಮಾತು ನಡೆಯಲಿಲ್ಲ.

ಇದನ್ನು ಅಪಚಾರವೆಂದು ಖಂಡಿಸುವುದು ಸುಲಭ. ಆದರೆ ಚಿತೆಯ ಬಳಿ ನಿಂತವರಿಗೆ ತಮ್ಮದೇ ಆದ ದುಃಖವಿರುತ್ತದೆ. ಅವರು ಕಲಿತ ಕ್ರಮವಲ್ಲದೆ ಆ ದುಃಖಕ್ಕೆ ಬೇರೆ ಆಸರೆ ಇರುವುದಿಲ್ಲ. ತೀರಿಕೊಂಡವರ ಮಾತು ಎಷ್ಟೇ ಸ್ಪಷ್ಟವಾಗಿದ್ದರೂ ಅದನ್ನು ನಡೆಸುವ ಕೈಗಳು ಬದುಕಿರುವವರವು. ಶ್ಯಾಮಜಿ ಹಣ ಕಟ್ಟಿದರು, ನೆಹರೂ ಉಯಿಲು ಬರೆದರು. ಇಬ್ಬರೂ ಕೊನೆಗೆ ಉಳಿದವರ ನೆನಪನ್ನೂ ಮನಸ್ಸನ್ನೂ ನಂಬಬೇಕಾಯಿತು.

ನಮ್ಮ ಮನೆಗಳಲ್ಲಿ ಈ ಮಾತನ್ನೆತ್ತುವುದೇ ಅಮಂಗಳವೆಂಬ ಭಾವನೆಯಿದೆ. ಅಜ್ಜನೋ ತಾಯಿಯೋ ತಾವಾಗಿ ಎತ್ತಿದರೂ ‘ಬಿಡ್ತು ಅನ್ನಿ’ ಎಂದು ಬಾಯಿ ಮುಚ್ಚಿಸುತ್ತೇವೆ. ಮುಂದೊಂದು ದಿನ ಮಡಕೆಯನ್ನು ಕೈಯಲ್ಲಿ ಹಿಡಿದು, ಅವರಿಗೆ ಯಾವ ನೀರು, ಯಾವ ಮಣ್ಣು ಪ್ರಿಯವಾಗಿತ್ತೆಂದು ಊಹಿಸುತ್ತ ನಿಲ್ಲುವವರೂ ನಾವೇ. ಅವರು ಹೇಳಹೊರಟಾಗ ಒಂದು ಗಳಿಗೆ ಕುಳಿತು ಕೇಳಿಸಿಕೊಂಡರೆ ಅಮಂಗಳವೇನೂ ಆಗದು.