ತೇರ್ಸಿನ ಹೊತ್ತು

ಮುಂಬಯಿ ಕನ್ನಡಿಗರ ಚರಿತ್ರೆ ಬರೆಯಲು ಕುಳಿತಾಗಲೆಲ್ಲ ನಾವು ಹಗಲಿನ ಚರಿತ್ರೆಯನ್ನೇ ಬರೆದಿದ್ದೇವೆ. ಯಾರು ಯಾವ ಹೋಟೆಲು ತೆರೆದರು, ಯಾವ ಸಂಘ ಯಾವಾಗ ಹುಟ್ಟಿತು, ಯಾರ ಭಾಷಣಕ್ಕೆ ಎಷ್ಟು ಜನ ಸೇರಿದ್ದರು ಎಂಬುದೆಲ್ಲ ನಮ್ಮ ಸ್ಮರಣ ಸಂಚಿಕೆಗಳಲ್ಲಿದೆ. ರಾತ್ರಿಶಾಲೆಗಳ ಮಾತು ಬಿಟ್ಟರೆ ರಾತ್ರಿಯದು ಅಲ್ಲಿ ಕಾಣುವುದು ಕಡಮೆ. ಆದರೆ ಊರು ಬಿಟ್ಟು ಬಂದವನನ್ನು ಚಿಂತೆ ಹಿಡಿಯುವುದು ರಾತ್ರಿಯಲ್ಲಿಯೇ. ಹಗಲಿನ ಗದ್ದಲದಲ್ಲಿ ಮರೆತಿದ್ದ ತಾಯಿಯ ಕಾಯಿಲೆ, ಮನಿಯಾರ್ಡರು ಕಳಿಸಲಾಗದ ತಿಂಗಳು, ನಾಳೆ ಕೆಲಸ ಉಳಿದೀತೋ ಇಲ್ಲವೋ ಎಂಬ ಅಳುಕು, ಇವೆಲ್ಲ ದೀಪ ಆರಿಸಿದ ಮೇಲೆ ಚಾಪೆಯ ಬದಿಗೆ ಬಂದು ಕೂರುತ್ತವೆ. ಆ ಹೊತ್ತಿನಲ್ಲಿ ನಮ್ಮವರು ಏನನ್ನು ಆಶ್ರಯಿಸಿದರು ಎಂಬುದೂ ಚರಿತ್ರೆಯೇ ಅಲ್ಲವೇ? ಭಜನಾ ಮಂಡಳಿಗಳ ವಿಚಾರ ನಮಗೆ ಗೊತ್ತು. ಅದೇ ಚಾಳಿನ ಇನ್ನೊಂದು ಕೋಣೆಯಲ್ಲಿದ್ದ ಕರಾವಳಿಯ ಕ್ರೈಸ್ತ ಕುಟುಂಬದ ರಾತ್ರಿ ನಮಗೆ ಅಷ್ಟಾಗಿ ತಿಳಿಯದು.

ಮಂಗಳೂರು ಕಡೆಯ ಕಥೋಲಿಕರ ಮನೆಗಳಲ್ಲಿ ಮುಸ್ಸಂಜೆಗೆ ಆಮೋರಿ, ರಾತ್ರಿಗೆ ತೇರ್ಸು. ತೇರ್ಸು ಎಂದರೆ ಜಪಮಾಲೆಯ ಪ್ರಾರ್ಥನೆ. ಪದ ಪೋರ್ಚುಗೀಸರಿಂದ ಬಂದದ್ದು, ಮೂರರಲ್ಲಿ ಒಂದು ಪಾಲು ಎಂದು ಅರ್ಥ. 2002ರವರೆಗೆ 15 ಹತ್ತುಗಳಿದ್ದ ಪೂರ್ಣ ಜಪದಲ್ಲಿ ಒಂದು ರಾತ್ರಿಗೆ 5 ಹತ್ತುಗಳನ್ನು ಹೇಳುತ್ತಿದ್ದುದರಿಂದ ಈ ಹೆಸರು. ಹಿರಿಯರೊಬ್ಬರು 'ನಮೋ ಮರಿಯಾ'ದ ಮೊದಲರ್ಧ ಹೇಳಿದರೆ ಉಳಿದವರು ಉತ್ತರಾರ್ಧ ಹೇಳುತ್ತಾರೆ. ಹೀಗೆ 50 ಸಲ. ಮುಗಿದ ಮೇಲೆ ಕಿರಿಯರು ಹಿರಿಯರಲ್ಲಿ 'ಬೆಸಾಂವ್', ಅಂದರೆ ಆಶೀರ್ವಾದ, ಬೇಡಬೇಕು.

ಹೊರಗಿನಿಂದ ಕೇಳುವವರಿಗೆ, ಇದೇನು ಒಂದೇ ಮಾತು ಮತ್ತೆ ಮತ್ತೆ ಎನಿಸೀತು. ನಾಮಸ್ಮರಣೆ ಬಲ್ಲ ನಮಗೆ ಹಾಗೆನಿಸಬೇಕಾಗಿಲ್ಲ. ಕಂಗೆಟ್ಟ ಮನಸ್ಸಿಗೆ ಹೊಸ ಮಾತು ಹೊಳೆಯುವುದಿಲ್ಲ. ಅದಕ್ಕೆ ಹಳೆಯ ಮಾತೇ ಬೇಕು, ಅದೂ ಇನ್ನೊಬ್ಬರ ದನಿಯೊಡನೆ. ಮಂಗಳವಾರ, ಶುಕ್ರವಾರಗಳಂದು ಧ್ಯಾನಿಸುವ ದುಃಖದ ರಹಸ್ಯಗಳಲ್ಲಿ ಮೊದಲನೆಯದು ಗೆತ್ಸೆಮನೆ ತೋಟದ ರಾತ್ರಿ. ಅಲ್ಲಿ ಯೇಸುಸ್ವಾಮಿಯೇ ಕಳವಳಪಡುತ್ತಾರೆ, ಜೊತೆಗಿದ್ದ ಶಿಷ್ಯರೋ ನಿದ್ದೆ ಹೋಗಿರುತ್ತಾರೆ. ಅಂಜಬೇಡ ಎಂದು ಗದರುವ ದೇವರಿಗಿಂತ ತಾನೂ ಒಂದು ರಾತ್ರಿ ಅಂಜಿದ ದೇವರು ನಿದ್ದೆಗೆಟ್ಟವನಿಗೆ ಹತ್ತಿರದವನಾಗಿ ಕಂಡರೆ ಆಶ್ಚರ್ಯವಿಲ್ಲ.

ಈ ಪ್ರಾರ್ಥನೆ ಇಗರ್ಜಿಯದಲ್ಲ, ಮನೆಯದು. ಅದಕ್ಕೆ ಕಾರಣಗಳಿವೆ. 1784ರಲ್ಲಿ ಟೀಪುವಿನ ಆಜ್ಞೆಯಂತೆ ಕೆನರಾದ ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. 1799ರಲ್ಲಿ ಅವರ ಬಿಡುಗಡೆಯಾಗುವವರೆಗೆ, 15 ವರ್ಷ, ಊರಿನ ಇಗರ್ಜಿಗಳು ಅವರಿಗೆ ಇಲ್ಲವಾದವು. ಇಗರ್ಜಿ ಇಲ್ಲದಿದ್ದರೂ ಉಳಿಯುವಂಥದು ಬಾಯಿಪಾಠದ ಪ್ರಾರ್ಥನೆಯೊಂದೇ. ಇನ್ನೊಂದು ಕಾರಣ ಭಾಷೆಯದು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತನಕ ಇಗರ್ಜಿಯ ಬಲಿಪೂಜೆ ಲ್ಯಾಟಿನಿನಲ್ಲಿತ್ತು. ಆಡುಮಾತಿನಲ್ಲಿ ದೇವರೊಡನೆ ಮಾತಾಡಲು ಸಿಗುತ್ತಿದ್ದುದು ಮನೆಯ ಈ ಅರ್ಧ ಗಂಟೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆಗಬೋಟು ಹತ್ತಿ ಮುಂಬಯಿಗೆ ಬರತೊಡಗಿದವರ ಟ್ರಂಕಿನಲ್ಲಿ ಇದೂ ಬಂತು. ಧೋಬಿ ತಲಾವದ ಸುತ್ತಮುತ್ತ ಗೋವೆಯವರ 'ಕೂಡ್'ಗಳಿದ್ದವು. ಊರಿಗೊಂದರಂತೆ ನಡೆಸುತ್ತಿದ್ದ ಆ ಬಿಡಾರಗಳಲ್ಲಿ ರಾತ್ರಿಯ ತೇರ್ಸು ಕಡ್ಡಾಯ. ಹಡಗಿನ ಕೆಲಸಕ್ಕಾಗಿ ಕಾಯುತ್ತಿದ್ದವರು ಪೆಟ್ಟಿಗೆಗಳ ನಡುವೆ ಮೊಣಕಾಲೂರಿ ಹೇಳುತ್ತಿದ್ದರು. ನಮ್ಮ ಮಂಗಳೂರಿನವರ ಮಾತೂ ಕೊಂಕಣಿಯೇ. ಆದರೆ ಇಲ್ಲೊಂದು ತಮಾಷೆಯಿದೆ. ಗೋವೆಯ ಕ್ರೈಸ್ತರು ಕೊಂಕಣಿ ಬರೆಯುವುದು ರೋಮನ್ ಅಕ್ಷರದಲ್ಲಿ, ಮಂಗಳೂರಿನವರು ಕನ್ನಡ ಅಕ್ಷರದಲ್ಲಿ. ಮಂಗಳೂರಿನವರ ಪ್ರಾರ್ಥನಾ ಪುಸ್ತಕವನ್ನು ಗೋವೆಯ ನೆರೆಯವನ ಕೈಗೆ ಕೊಟ್ಟರೆ ಅವನಿಗೆ ಓದಲು ಬಾರದು, ಓದಿ ಹೇಳಿದರೆ ಎಲ್ಲ ತಿಳಿಯುತ್ತದೆ. ಅದನ್ನೇ ಧಾರವಾಡದ ನೆರೆಯವನ ಕೈಗೆ ಕೊಟ್ಟರೆ ಸಲೀಸಾಗಿ ಓದುತ್ತಾನೆ, ಅರ್ಥ ಮಾತ್ರ ಆಗದು!

ಆ ಅಕ್ಷರದ ನಂಟು ಹೇಗೆ ಗಟ್ಟಿಯಾಯಿತೆಂಬುದು ಓದುಗರಿಗೆ ರುಚಿಸುವ ಸಂಗತಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಪ್ರಾಟೆಸ್ಟಂಟರು. ಅವರ ಮುದ್ರಣಾಲಯ ಆರಂಭವಾದದ್ದು 1841ರಲ್ಲಿ. ವೈಗ್ಲೆ ಎಂಬ ಪಾದ್ರಿ ಕಲ್ಲಚ್ಚಿನ ಯಂತ್ರವನ್ನು ಕೊಂಡೊಯ್ದದ್ದು ನಮ್ಮ ಈ ಮುಂಬಯಿಯಿಂದಲೇ. ಮುಂದೆ ಜೆಸುಯಿಟ್ ಗುರು ಮಾಫೆಯಿ ಅವರು ಬರೆದ ಕೊಂಕಣಿ ವ್ಯಾಕರಣ 1882ರಲ್ಲಿ, ನಿಘಂಟು 1883ರಲ್ಲಿ ಅಚ್ಚಾದದ್ದು ಇದೇ ಪ್ರಾಟೆಸ್ಟಂಟ್ ಮುದ್ರಣಾಲಯದಲ್ಲಿ. ಪಂಥದ ಜಗಳ ಯುರೋಪಿನಲ್ಲಿ ಎಷ್ಟಿತ್ತೋ ಇರಲಿ, ಮಂಗಳೂರಿನಲ್ಲಿ ಅಚ್ಚಿನ ಮೊಳೆಗಳಿಗೆ ಅದು ತಾಗಲಿಲ್ಲ. 1882ರಲ್ಲಿಯೇ ಜೆಸುಯಿಟರ ಕೊಡಿಯಾಲ್‌ಬೈಲ್ ಪ್ರೆಸ್ಸೂ ಆರಂಭವಾಯಿತು. 1950ರಲ್ಲಿ ಮುಂಬಯಿಯಲ್ಲಿಯೇ 'ಪಯ್ಣಾರಿ' ಎಂಬ ಕೊಂಕಣಿ ಪತ್ರಿಕೆ ಕನ್ನಡ ಅಕ್ಷರದಲ್ಲಿ ಹೊರಟಿತು. ಪಯಣಿಗ ಎಂದು ಅರ್ಥ. ವಲಸೆ ಬಂದವರಿಗೆ ಇದಕ್ಕಿಂತ ಒಪ್ಪುವ ಹೆಸರುಂಟೇ?

ಬಾಸೆಲ್ ಮಿಷನ್ನಿನ ತುಳು-ಕನ್ನಡ ಸಭೆಗಳವರ ರಾತ್ರಿ ಬೇರೆ ಬಗೆಯದು. ಅವರಿಗೆ ಜಪಮಾಲೆಯಿಲ್ಲ, ಕನ್ನಡ ಸತ್ಯವೇದವಿದೆ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ ಇಡೀ ಬೈಬಲ್ ಕನ್ನಡದಲ್ಲಿ 1831ರ ಹೊತ್ತಿಗೆ ಸಿಕ್ಕಿತು. ದಾವೀದನ ಹಾಡುಗಳನ್ನು ಕನ್ನಡ ಬೈಬಲಿನಲ್ಲಿ 'ಕೀರ್ತನೆಗಳು' ಎನ್ನುತ್ತಾರೆ. ಪುರಂದರದಾಸರದೂ ಕೀರ್ತನೆ, ದಾವೀದನದೂ ಕೀರ್ತನೆ. 1850ರಲ್ಲಿ ಮಂಗಳೂರಿನಲ್ಲಿ 'ದಾಸರ ಪದಗಳು' ಅಚ್ಚು ಹಾಕಿಸಿದವರು ಬಾಸೆಲ್ ಮಿಷನ್ನಿನ ಮೋಗ್ಲಿಂಗರೇ ಎಂಬುದನ್ನು ನೆನೆದರೆ ಈ ಪದಸಾಮ್ಯ ನಮಗೆ ಬರಿಯ ಆಕಸ್ಮಿಕವೆನಿಸುವುದಿಲ್ಲ. ಮಲಗುವ ಹೊತ್ತಿಗೆ 4ನೆಯ ಕೀರ್ತನೆ, ಅಂಜಿಕೆ ಹೆಚ್ಚಾದಾಗ 91ನೆಯದು. ರಾತ್ರಿಯ ಭಯ, ಕತ್ತಲಲ್ಲಿ ಸುಳಿಯುವ ವ್ಯಾಧಿ ಎರಡರ ಹೆಸರನ್ನೂ ಆ 91ನೆಯದು ಎತ್ತುತ್ತದೆ.

ಆ ವ್ಯಾಧಿ ಮುಂಬಯಿಗೆ ನಿಜವಾಗಿಯೂ ಬಂತು. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಡಾಕ್ಟರ್ ಅಕಾಸಿಯೊ ವಿಯೆಗಸ್ ಅವರು ಪ್ಲೇಗನ್ನು ಗುರುತಿಸಿದರು. ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ಉಳಿದ ಕ್ರೈಸ್ತರು ಬಾಂದ್ರಾ, ಗಿರ್ಗಾಂವ್ ಮುಂತಾದೆಡೆ ಗಲ್ಲಿಗಳ ಬಾಯಲ್ಲಿ ಶಿಲುಬೆಗಳನ್ನು ನಿಲ್ಲಿಸಿ, ಸಂಜೆಯಾದರೆ ಅವುಗಳ ಮುಂದೆ ಕೂಡಿ ಜಪ ಮಾಡಿದರು. ಹೆಚ್ಚಿನವು ಈ ಊರಿನ ಮೂಲನಿವಾಸಿ ಈಸ್ಟ್ ಇಂಡಿಯನ್ ಕ್ರೈಸ್ತರು ಕಟ್ಟಿದವು. ಬಸ್ಸಿನ ಕಿಟಕಿಯಿಂದ ನಾವು ನೋಡಿಯೂ ನೋಡದೆ ಸಾಗುವ, ಚೆಂಡುಹೂವಿನ ಹಾರ ತೊಟ್ಟ ಆ ಕಲ್ಲುಶಿಲುಬೆಗಳಲ್ಲಿ ಹಲವು ಆ ಭಯದ ರಾತ್ರಿಗಳ ಗುರುತು. ಆಮೇಲೆ ಬಂದ ಮಂಗಳೂರಿನವರಿಗೆ ಅವು ಸಿದ್ಧವಾದ ನೆರೆಯಾದವು.

ಮಾಹಿಮಿನ ಬುಧವಾರದ ನೊವೆನಾ ಎಲ್ಲರಿಗೂ ಗೊತ್ತಿರುವುದೇ. 1948ರ ಸೆಪ್ಟೆಂಬರ್ 8ರಂದು ಆರಂಭವಾದ ಅದಕ್ಕೆ ನಮ್ಮ ಹಿಂದೂ ಬಂಧುಗಳೂ ಹೋಗುತ್ತಾರೆ. ಮನೆ ಬೇಕಾದವರು ಮೇಣದ ಮನೆ ಒಪ್ಪಿಸುತ್ತಾರೆ. ಮುಂಬಯಿಯಲ್ಲಿ ನಿದ್ದೆಗೆಡಿಸುವ ಚಿಂತೆ ಯಾವುದೆಂದು ಕೇಳಿದರೆ ಆ ಮೇಣದ ಮನೆಗಳನ್ನು ತೋರಿಸಿದರೆ ಸಾಕು.

ಈಗ ಕಲೀನಾ, ಕುರ್ಲಾ, ಅಂಧೇರಿಯ ಮನೆಗಳಲ್ಲಿ ಮೂರನೆಯ ತಲೆಮಾರು ಬೆಳೆದಿದೆ. ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಕೊಂಕಣಿ ಮಾತು ಬರುತ್ತದೆ, ಕನ್ನಡ ಅಕ್ಷರ ಬಾರದು. ಅಜ್ಜಿಯ ಪ್ರಾರ್ಥನಾ ಪುಸ್ತಕ ಮೇಜಿನ ಮೇಲಿದ್ದರೂ ಅದನ್ನು ತೆರೆಯುವವರಿಲ್ಲ. ನಮ್ಮ ಸಂಘಗಳ ಕನ್ನಡ ತರಗತಿಗೆ ಈ ಮಕ್ಕಳನ್ನು ಕರೆದವರೂ ಹೆಚ್ಚಿಲ್ಲ. ಕೊಂಕಣಿಯವರಿಗೆ ಕನ್ನಡವೇಕೆ ಎಂದು ನಮ್ಮವರೇ ಕೇಳುವುದುಂಟು.

2020ರ ಮಾರ್ಚಿನಲ್ಲಿ ಸೋಂಕಿನ ದೆಸೆಯಿಂದ ಗುಡಿ, ಮಸೀದಿ, ಇಗರ್ಜಿಗಳೆಲ್ಲ ಮುಚ್ಚಿದಾಗ ತೇರ್ಸು ಫೋನಿನ ಮೇಲೆ ನಡೆಯಿತು. ಮಂಗಳೂರಿನಲ್ಲಿ ಒಬ್ಬಳೇ ಇರುವ ತಾಯಿ ಅಲ್ಲಿಂದ ಮೊದಲರ್ಧ ಹೇಳುವುದು, ಇಲ್ಲಿ ಮಕ್ಕಳು ಮೊಮ್ಮಕ್ಕಳು ಪೀಠದ ಮುಂದೆ ಫೋನು ನಿಲ್ಲಿಸಿ ಉತ್ತರಾರ್ಧ ಹೇಳುವುದು. ಸಾಲು ಮರೆತ ಮೊಮ್ಮಗನ ಕೈಯಲ್ಲಿ, ತಾಯಿ ಕನ್ನಡದಿಂದ ರೋಮನ್ ಅಕ್ಷರಕ್ಕೆ ಇಳಿಸಿಕೊಟ್ಟ ಒಂದು ಹಾಳೆ. ಜಪ ಮುಗಿದ ಮೇಲೆ ಅವನು ಫೋನಿಗೆ ಬಾಗಿ ಬೆಸಾಂವ್ ಕೇಳುತ್ತಾನೆ, ಆ ಕಡೆಯಿಂದ ಆಶೀರ್ವಾದ ಬರುತ್ತದೆ, ಬಂದ ಮೇಲೆಯೇ ದೀಪ ಆರಿಸುತ್ತಾರೆ.