ಉಗುರು ಕಚ್ಚುವ ಚಟವೂ ಸಂಮೋಹನ ಚಿಕಿತ್ಸೆಯೂ: ಒಂದು ಚಾರಿತ್ರಿಕ ಪರಾಮರ್ಶೆ

ಸಂಜೆಯ ಹೊತ್ತು ದಾದರ್ ನಿಲ್ದಾಣದ ಮೇಲ್ಸೇತುವೆಯನ್ನು ದಾಟಿ ಉಪನಗರದ ಗಾಡಿಯನ್ನೇರುವ ನಮ್ಮ ವಾಚಕರು ಡಬ್ಬಿಯ ಗೋಡೆಗೆ ಅಂಟಿಸಿದ ಒಂದು ಬಗೆಯ ಚೀಟಿಗಳನ್ನು ಕಾಣದೆ ಇರಲಾರರು. ಪ್ರೇಮಭಂಗ, ವ್ಯಾಪಾರ ನಷ್ಟ, ಶತ್ರುಬಾಧೆ ಎಲ್ಲಕ್ಕೂ 'ವಶೀಕರಣ'ದಿಂದ ಶೀಘ್ರ ಪರಿಹಾರವೆಂದು ಅವು ಸಾರುತ್ತವೆ. ಅದೇ ಡಬ್ಬಿಯಲ್ಲಿ ಕುಳಿತವರ ಕೈಗಳನ್ನು ನೋಡಿದರೆ, ಉಗುರನ್ನು ಬುಡದವರೆಗೆ ಕಚ್ಚಿಕೊಂಡ ಬೆರಳುಗಳು ಒಂದೆರಡಾದರೂ ಕಣ್ಣಿಗೆ ಬೀಳುತ್ತವೆ. ಈ ಎರಡಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ, ಅದನ್ನು ಚರಿತ್ರೆಯ ಬೆಳಕಿನಲ್ಲಿ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ಲೇಖಕನೂ ಬಾಲ್ಯದಲ್ಲಿ ಈ ಚಟಕ್ಕೆ ಒಳಗಾಗಿದ್ದವನೇ. ಉಗುರು ಕಚ್ಚಿದರೆ ಮನೆಗೆ ದಾರಿದ್ರ್ಯ ಬರುವುದೆಂದು ಹಿರಿಯರು ಗದರಿಸಿದರು. ಬೆರಳಿಗೆ ಬೇವಿನೆಣ್ಣೆ ಹಚ್ಚಿದರು. ಕಹಿ ರೂಢಿಯಾಯಿತು, ಚಟ ಉಳಿಯಿತು. ಮುಂದೆ ಬ್ಯಾಂಕಿನಲ್ಲಿ ಗ್ರಾಹಕರ ಎದುರು ನೋಟು ಎಣಿಸುವ ಕೆಲಸ ಒದಗಿದಾಗ, ಬೆರಳುಗಳನ್ನು ಮರೆಮಾಡಲಾಗದ ನಾಚಿಕೆ ಎಂತಹುದೆಂಬುದು ಅನುಭವಕ್ಕೆ ಬಂದಿತು.

ಹಿರಿಯರ ಗದರಿಕೆಗೆ ಶಾಸ್ತ್ರದ ಬೆಂಬಲವೂ ಇತ್ತು. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಮಣ್ಣಿನ ಹೆಂಟೆಯನ್ನು ಹುಡಿಮಾಡುವವನು, ಹುಲ್ಲನ್ನು ಕಡಿಯುವವನು, ಉಗುರನ್ನು ತಿನ್ನುವವನು ಬೇಗನೆ ನಾಶವನ್ನು ಹೊಂದುವನೆಂದು ಹೇಳಿದೆ. ಶಾಪದ ಮಾತನ್ನು ಬದಿಗಿಟ್ಟು ನೋಡಿದರೆ ಈ ವರ್ಗೀಕರಣ ಗಮನಾರ್ಹವಾದುದು. ಕೈಗಳು ಉದ್ದೇಶವಿಲ್ಲದೆ, ಯಜಮಾನನ ಅರಿವಿಲ್ಲದೆ, ಮತ್ತೆ ಮತ್ತೆ ನಡೆಸುವ ಕ್ರಿಯೆಗಳನ್ನು ಸ್ಮೃತಿಕಾರನು ಒಂದೆಡೆ ಸೇರಿಸಿದ್ದಾನೆ. ಆದರೆ ಆತ ಕಂಡದ್ದು ದೋಷವನ್ನು, ಅದರ ಕಾರಣವನ್ನಲ್ಲ.

ಕಾರಣದ ವಿಚಾರ ಆರಂಭವಾದದ್ದು ಬೇರೊಂದು ದಿಕ್ಕಿನಿಂದ. ಆಸ್ಟ್ರಿಯದಿಂದ ಪ್ಯಾರಿಸಿಗೆ ಬಂದ ವೈದ್ಯ ಮೆಸ್ಮರನು ತನ್ನಿಂದ ರೋಗಿಯೊಳಕ್ಕೆ ಅಯಸ್ಕಾಂತದಂತಹ ಒಂದು ದ್ರವ ಹರಿಯುವುದೆಂದು ಪ್ರತಿಪಾದಿಸಿದನು. 1784ರಲ್ಲಿ ಫ್ರಾನ್ಸಿನ ದೊರೆಯು ನೇಮಿಸಿದ, ಫ್ರಾಂಕ್ಲಿನ್ ಮತ್ತು ಲವಾಸಿಯೇ ಇದ್ದ ಆಯೋಗವು ಅಂತಹ ದ್ರವವಿಲ್ಲ, ಪರಿಣಾಮವೆಲ್ಲ ಕಲ್ಪನೆಯದು ಎಂದು ತೀರ್ಮಾನಿಸಿತು. ಆದರೆ ಬರಿಯ ಕಲ್ಪನೆಯಿಂದ ದೇಹದಲ್ಲಿ ಅಂತಹ ಪರಿಣಾಮವಾಗುವುದಾದರೂ ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಅರಸಿದವನು ನಮ್ಮ ಕರಾವಳಿಯ ನೆರೆಯವನು.

ಅಬ್ಬೆ ಫರಿಯ ಎಂದು ಪ್ರಸಿದ್ಧನಾದ ಜೋಸೆ ಕುಸ್ತೋದಿಯೊ ದ ಫರಿಯನು 1756ರಲ್ಲಿ ಗೋವೆಯ ಬಾರ್ದೇಶ ಪ್ರಾಂತದ ಕಾಂದೋಳಿಯಲ್ಲಿ ಹುಟ್ಟಿದನು. ಪೋರ್ತುಗಲ್ಲಿನ ರಾಣಿಯ ಸನ್ನಿಧಿಯಲ್ಲಿ ಧರ್ಮೋಪದೇಶಕ್ಕೆ ನಿಂತ ತರುಣ ಪಾದ್ರಿಗೆ ಮಾತೇ ಹೊರಡದಾಯಿತೆಂದೂ, ಕೆಳಗೆ ನಿಂತಿದ್ದ ತಂದೆಯು ಕೊಂಕಣಿಯಲ್ಲಿ 'ಇವರೆಲ್ಲ ಬರಿಯ ಸೊಪ್ಪು, ಕತ್ತರಿಸು' ಎಂದು ಪಿಸುಗುಟ್ಟಿದೊಡನೆ ಭಯವಳಿದು ವಾಗ್ಧಾರೆ ಹರಿಯಿತೆಂದೂ ಗೋವೆಯಲ್ಲಿ ಒಂದು ಐತಿಹ್ಯವಿದೆ. ಐತಿಹ್ಯವು ನಿಜವೋ ಅಲ್ಲವೋ, ಒಂದು ನುಡಿಯಿಂದ ಮನಸ್ಸಿನ ಬಂಧ ಸಡಿಲವಾಗುವ ಬಗೆಯನ್ನು ಅದು ಸೊಗಸಾಗಿ ಸೂಚಿಸುತ್ತದೆ. 1813ರಲ್ಲಿ ಫರಿಯನು ಪ್ಯಾರಿಸಿನಲ್ಲಿ ಬಹಿರಂಗ ಉಪನ್ಯಾಸಗಳನ್ನು ತೊಡಗಿದನು. 1819ರಲ್ಲಿ, ತಾನು ತೀರಿಕೊಂಡ ವರ್ಷವೇ, ತನ್ನ ಸಿದ್ಧಾಂತವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ದ್ರವವೂ ಇಲ್ಲ, ನಿದ್ರೆ ಬರಿಸುವವನಲ್ಲಿ ವಿಶೇಷ ಶಕ್ತಿಯೂ ಇಲ್ಲ. ನಿದ್ರೆಯ ಕಾರಣವಿರುವುದು ನಿದ್ರಿಸುವವನ ಏಕಾಗ್ರತೆಯಲ್ಲಿ. ಇದೇ ಆ ಸಿದ್ಧಾಂತದ ತಿರುಳು.

ಲೋಕವು ಈ ಮಾತನ್ನು ಬೇಗನೆ ಮರೆಯಿತು. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಕಂಪನಿ ಸರಕಾರದ ಶಸ್ತ್ರವೈದ್ಯನಾಗಿದ್ದ ಜೇಮ್ಸ್ ಎಸ್ಡೇಲನು ರೋಗಿಗಳನ್ನು ಮೆಸ್ಮರನ ವಿಧಾನದಿಂದ ಮೈಮರೆಯಿಸಿ ದೊಡ್ಡ ಶಸ್ತ್ರಕ್ರಿಯೆಗಳನ್ನು ನಡೆಸಿದನು. ಮರುವರ್ಷ ಕಲಕತ್ತೆಯಲ್ಲಿ ಇದಕ್ಕೆಂದೇ ಒಂದು ಆಸ್ಪತ್ರೆ ತೆರೆಯಿತು. ಆದರೂ ಎಸ್ಡೇಲನು ಕೊನೆಯವರೆಗೂ ದ್ರವವಾದವನ್ನೇ ನಂಬಿದ್ದನು. 1847ರಲ್ಲಿ ಕ್ಲೋರೋಫಾರ್ಮ್ ಬಂದ ಮೇಲೆ ಅವನ ವಿಧಾನ ಹಿಂದೆ ಸರಿಯಿತು. ಇತ್ತ ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡನು 1843ರ ತನ್ನ ಗ್ರಂಥದಲ್ಲಿ 'ಹಿಪ್ನಾಟಿಸಂ' ಎಂಬ ಹೆಸರನ್ನು ರೂಢಿಗೆ ತಂದನು. ಮುಂದೆ ಫ್ರಾನ್ಸಿನ ನ್ಯಾನ್ಸಿ ನಗರದ ಬೆರ್ನ್‌ಹೈಮನು ಸೂಚನೆಯೇ ಸಂಮೋಹನದ ಜೀವಾಳವೆಂದು ಸಾರಿ, ಆ ತತ್ತ್ವದ ಮೊದಲ ಗೌರವವನ್ನು ಫರಿಯನಿಗೆ ಸಲ್ಲಿಸಿದನು.

ಉಗುರು ಕಚ್ಚುವ ಚಟವು ಈ ಚರಿತ್ರೆಯನ್ನು ಪ್ರವೇಶಿಸುವುದು ಈ ಘಟ್ಟದಲ್ಲಿ. 1886ರಲ್ಲಿ ಸಂಮೋಹನಕ್ಕೆ ಮೀಸಲಾದ ಪತ್ರಿಕೆಯೊಂದನ್ನು ಪ್ಯಾರಿಸಿನಲ್ಲಿ ಸ್ಥಾಪಿಸಿದ ಎದ್ಗಾರ್ ಬೆರಿಯೋನನು, ಈ ಚಟವಿದ್ದ ಮಕ್ಕಳಿಗೆ ಸಂಮೋಹನಸ್ಥಿತಿಯಲ್ಲಿ ಸೂಚನೆ ನೀಡುವ ಚಿಕಿತ್ಸೆಯನ್ನು ಪ್ರತಿಪಾದಿಸಿದನು. ಆದರೆ ಅವನು ಈ ಚಟವನ್ನು ವಂಶಕ್ಷೀಣತೆಯ ಲಕ್ಷಣಗಳೊಡನೆ ಸೇರಿಸಿದನು. ಮನುವಿನ ನಾಶ, ನಮ್ಮ ಹಿರಿಯರ ದಾರಿದ್ರ್ಯ, ಬೆರಿಯೋನನ ಕ್ಷೀಣತೆ: ಮೂರೂ ಮಗುವಿನ ಬೆರಳಿಗೆ ಕಳಂಕವನ್ನೇ ಹಚ್ಚಿದವು.

1942ರಲ್ಲಿ ಅಮೆರಿಕದ ಲಾರೆನ್ಸ್ ಲೆಶಾನನು ಪ್ರಕಟಿಸಿದ ಪ್ರಯೋಗ ಇನ್ನೂ ವಿಚಿತ್ರವಾದುದು. ಬೇಸಗೆಯ ಶಿಬಿರವೊಂದರಲ್ಲಿ ಉಗುರು ಕಚ್ಚುವ ಹುಡುಗರು ಮಲಗಿದ ಮೇಲೆ, ಉಗುರು ಬಹಳ ಕಹಿ ಎಂಬರ್ಥದ ಒಂದೇ ವಾಕ್ಯವನ್ನು ಧ್ವನಿಮುದ್ರಿಕೆಯಿಂದ ರಾತ್ರಿಗೆ 300 ಸಲದಂತೆ 54 ರಾತ್ರಿಗಳ ಕಾಲ ಕೇಳಿಸಲಾಯಿತು. ಹಾಗೆ ಕೇಳಿದವರಲ್ಲಿ ಶೇಕಡ 40ರಷ್ಟು ಹುಡುಗರು ಚಟವನ್ನು ಬಿಟ್ಟರೆಂದು ವರದಿಯಾಯಿತು. ಆದರೆ 1950ರ ದಶಕದಲ್ಲಿ ಮೆದುಳಿನ ವಿದ್ಯುತ್ ಅಲೆಗಳನ್ನು ಅಳೆದು ನಡೆಸಿದ ಪರೀಕ್ಷೆಗಳು, ಗಾಢನಿದ್ರೆಯಲ್ಲಿ ಇಂತಹ ಕಲಿಕೆ ಆಗದೆಂದು ತೋರಿಸಿದವು. ಎಂದಮೇಲೆ ಹುಡುಗರು ಎಚ್ಚರದಲ್ಲಿಯೇ ಅದನ್ನು ಕೇಳಿರಬೇಕು. ಕಹಿಯ ಮಾತು ಫಲಿಸಿದ್ದರೆ, ಅದು ಕೇಳಿದವನ ಗಮನದಿಂದ ಫಲಿಸಿತು.

1973ರಲ್ಲಿ ಅಮೆರಿಕದ ಅಜ್ರಿನ್ ಮತ್ತು ನನ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ನೇರವಾದ ವಿಧಾನವನ್ನಾಗಿ ಮಾಡಿದರು. ಮೊದಲು, ಕೈ ಯಾವಾಗ, ಯಾವ ಪ್ರಸಂಗದಲ್ಲಿ ಬಾಯಿಗೆ ಹೋಗುತ್ತದೆಂಬುದನ್ನು ರೋಗಿಯೇ ಗುರುತಿಸಬೇಕು. ಅನಂತರ ಆ ಕ್ಷಣದಲ್ಲಿ ಮುಷ್ಟಿ ಬಿಗಿಹಿಡಿಯುವಂತಹ ಬದಲಿ ಕ್ರಿಯೆಯನ್ನು ಕೆಲವು ನಿಮಿಷ ನಡೆಸಬೇಕು. ಅಭ್ಯಾಸವನ್ನು ಹಿಂದಿರುಗಿಸುವ ಈ ವಿಧಾನಕ್ಕೆ ಇಂದು ಇರುವ ಆಧಾರ ಹೆಚ್ಚು ಬಲವಾದುದು; ಸಂಮೋಹನಕ್ಕಿರುವ ಪುರಾವೆಯಾದರೋ ಬಹುಮಟ್ಟಿಗೆ ಬಿಡಿ ರೋಗಿಗಳ ವೃತ್ತಾಂತ ಮತ್ತು ಚಿಕ್ಕ ಪ್ರಯೋಗಗಳದು. ಆದಕಾರಣ ತಜ್ಞರ ಕೈಯಲ್ಲಿ ಸಂಮೋಹನವು ಸಹಾಯಕ ಸಾಧನವಾಗಬಲ್ಲುದು, ಮಂತ್ರದಂಡವಾಗಲಾರದು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ವರ್ಗೀಕರಣದ ಐದನೆಯ ಆವೃತ್ತಿಯಲ್ಲಿ ಕೂದಲು ಕೀಳುವ, ಚರ್ಮ ಕೆರೆಯುವ ಚಟಗಳನ್ನು ಗೀಳು ರೋಗದ ನೆರೆಯಲ್ಲಿ ಇರಿಸಿತು. ತೀವ್ರವಾದ ಉಗುರು ಕಚ್ಚುವಿಕೆಗೂ ಅಲ್ಲಿ ಸ್ಥಾನ ದೊರೆಯಿತು. ವಂಶಕ್ಷೀಣತೆಯ ಮಾತು ಅಲ್ಲಿಲ್ಲ.

ನಮ್ಮ ದಾದರಿಗೆ ಹೊಂದಿಕೊಂಡಿರುವ ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಮನೋವೈದ್ಯ ಡಾ. ಎನ್. ಎಸ್. ವಾಹಿಯಾ ಅವರು, ಪತಂಜಲಿಯ ಯೋಗತತ್ತ್ವಗಳನ್ನು ಚಿಕಿತ್ಸೆಗೆ ಅಳವಡಿಸುವ ಬಗ್ಗೆ 1966ರಲ್ಲಿ ಸಹೋದ್ಯೋಗಿಗಳೊಡನೆ ಬ್ರಿಟನ್ನಿನ ಮನೋವೈದ್ಯಕೀಯ ಪತ್ರಿಕೆಯಲ್ಲಿ ಬರೆದುದನ್ನು ಇಲ್ಲಿ ಸ್ಮರಿಸಬೇಕು. ಕನ್ನಡದಲ್ಲಿ ಮನೋವೈದ್ಯಕೀಯ ವಿಚಾರಗಳನ್ನು ತಿಳಿಯಾಗಿ ತಂದ 'ಕೊರವಂಜಿ'ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಭಯವನ್ನು ತೊಡೆದು ತಿಳಿವನ್ನು ಕೊಡುವ ಇಂತಹ ಬರವಣಿಗೆ ನಮ್ಮ ನುಡಿಯಲ್ಲಿ ಇನ್ನೂ ಬೇಕಾಗಿದೆ.

ಇನ್ನು ಮೊದಲಿನ ಚೀಟಿಯ ಮಾತಿಗೆ ಬರೋಣ. 'ವಶೀಕರಣ'ವೆಂದರೆ ಅಲ್ಲಿ ಪರರನ್ನು ವಶಪಡಿಸಿಕೊಳ್ಳುವುದು. ಆದರೆ ಪತಂಜಲಿಯು ಯೋಗಸೂತ್ರದ ಮೊದಲ ಪಾದದಲ್ಲಿ 'ವಶೀಕಾರ' ಎಂಬ ಶಬ್ದವನ್ನು ಬಳಸಿರುವುದು ವೈರಾಗ್ಯವನ್ನು ಕುರಿತು. ಅಲ್ಲಿ ವಶವಾಗಬೇಕಾದುದು ತನ್ನ ತೃಷ್ಣೆಯೇ. ಒಂದೇ ಧಾತುವಿನ ಈ ಎರಡು ಶಬ್ದಗಳ ನಡುವಣ ಅಂತರವೇ ಸಂಮೋಹನದ ಇಡೀ ಚರಿತ್ರೆಯ ವಸ್ತುವೆಂದರೂ ಸಲ್ಲುತ್ತದೆ. ಪಣಜಿಯಲ್ಲಿ ಹಳೆಯ ಸಚಿವಾಲಯದ ಪಕ್ಕದಲ್ಲಿ 1945ರಲ್ಲಿ ನಿಲ್ಲಿಸಿದ ಫರಿಯನ ಪ್ರತಿಮೆಯನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ನೆಲಕ್ಕೊರಗುತ್ತಿರುವ ಸ್ತ್ರೀಯೊಬ್ಬಳ ಮೇಲೆ ಅವನು ಎರಡೂ ಕೈಗಳನ್ನು ಚಾಚಿ ನಿಂತಿದ್ದಾನೆ. ಶಿಲ್ಪವೇನೋ ಮನೋಹರವಾಗಿದೆ, ಆದರೆ ಶಕ್ತಿಯೆಲ್ಲ ಆ ಕೈಗಳಿಂದಲೇ ಹೊರಡುವಂತೆ ತೋರುವ ಆ ಭಂಗಿಯು, ಅವನು ಜೀವಮಾನವಿಡೀ ಅಲ್ಲಗಳೆದ ಅಭಿಪ್ರಾಯವನ್ನೇ ಮೂರ್ತಿಗೊಳಿಸಿದೆ.

ಮನೆಯ ಮಗುವು ಉಗುರು ಕಚ್ಚುತ್ತಿದ್ದರೆ ಕೈಗೆ ಹೊಡೆಯುವುದಾಗಲಿ, ದಾರಿದ್ರ್ಯದ ಭಯ ಹುಟ್ಟಿಸುವುದಾಗಲಿ ಬೇಡ. ಕೈ ಬಾಯಿಗೆ ಹೋದ ಕ್ಷಣವನ್ನು ತಾನೇ ಕಂಡುಕೊಳ್ಳಲು ಅದಕ್ಕೆ ಮೆಲ್ಲನೆ ನೆರವಾಗೋಣ. ಗಾಯವಾಗುವಷ್ಟು ತೀವ್ರವಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯೋಣ. ಈ ಲೇಖಕನ ಚಟವೂ ಬಿಟ್ಟದ್ದು ಬೇವಿನೆಣ್ಣೆಯಿಂದಲ್ಲ, ತನ್ನ ಕೈಯನ್ನು ತಾನೇ ನೋಡಲು ಕಲಿತ ಮೇಲೆ.